ಅತ್ತೆಯ ಗಂಜಿಗೆ ಬಹರೈನಿನ ಮೆಣಸು

"ಮಾಂಯ್, ಕ್ರಿಸ್ಮಸ್ಸಿಗೆ ನೀವು ಇಲ್ಲಿಗೆ ಬರುವಾಗ ನಿಮ್ಮ ಗಂಜಿಗೆ ಹಸಿಮೆಣಸು ಅಂಗಡಿಯಿಂದ ಬರುದಲ್ಲ. ನನ್ನ ಬಾಲ್ಕನಿಯಿಂದ ಬರ್ತದೆ! ಬರೆದಿಟ್ಟುಕೊಳ್ಳಿ!"

ಜುಲೈ ತಿಂಗಳ ಒಂದು ಶುಕ್ರವಾರ, ವಿಡಿಯೊ ಕಾಲಿನಲ್ಲಿ, ಎದೆ ಸೆಟೆಸಿಕೊಂಡು ನಾನು ಈ ಶಪಥ ಮಾಡಿದೆ. ಆ ಕಡೆ ಕಿನ್ನಿಗೋಳಿಯ ಮನೆಯಲ್ಲಿ ನನ್ನ ಅತ್ತೆ ಪೌಲಿನ್ ಬಾಯಿ ಗಂಜಿಯ ಬಟ್ಟಲು ಕೆಳಗಿಟ್ಟರು. ಬೆಳಗಾದರೆ ಗಂಜಿ, ಗಂಜಿಗೆ ತಮ್ಮ ಹಿತ್ತಲಿನದೇ ಮೆಣಸು, ಅದನ್ನು ಕಚ್ಚಿದಾಗ ಬರುವ 'ಟಕ್' ಎಂಬ ಸದ್ದು! ಇಷ್ಟಿದ್ದರೆ ಅವರಿಗೆ ಸ್ವರ್ಗದ ಚಿಂತೆ ಇಲ್ಲ.

"ಅಲ್ಲಿ ಮೆಣಸು ಆಗ್ತದಾ ಯುಸ್ಟೇಸ್? ಮರಳುಗಾಡಲ್ವಾ ಅದು?"

"ಎಲ್ಲ ಟೈಮಿಂಗ್ ಮಾಂಯ್, ಟೈಮಿಂಗ್!"

ಟೈಮಿಂಗ್ ಎಂಬ ಮಾತು ಕೇಳಿದ್ದೇ ತಡ, ಅತ್ತೆ ನಕ್ಕರು. ಆ ನಗುವಿಗೆ ಒಂದು ಇತಿಹಾಸವಿದೆ. ನಮ್ಮ ಮದುವೆಯ ದಿನ ಇಗರ್ಜಿಯಲ್ಲಿ ಮದುಮಗಳು ಬಂದು ನಿಂತು, ಪಾದ್ರಿಗಳು ಬಂದು ನಿಂತು, ಬ್ಯಾಂಡಿನವರು ಊದಿ ಊದಿ ದಣಿದು ಕೂತ ಮೇಲೆ ಮದುಮಗ ಬಂದ. ಕಾರಿನ ಟಯರು ಪಂಕ್ಚರ್ ಆದದ್ದು. ಆದರೆ ಟಯರಿನ ಸಾಕ್ಷಿ ಯಾರು ಕೇಳುತ್ತಾರೆ? ಅಂದಿನಿಂದ ಇಂದಿನವರೆಗೆ ನನ್ನ ಬಗ್ಗೆ ಯಾರು ವಿಚಾರಿಸಿದರೂ ಅತ್ತೆ ಕೊಡುವ ಸರ್ಟಿಫಿಕೇಟು ಒಂದೇ: "ಅಳಿಯ ಒಳ್ಳೆಯವ. ಹೊತ್ತು ಮಾತ್ರ ಗೊತ್ತಿಲ್ಲ."

ನನಗೆ! ಬಹರೈನಿನ ರಾಜಧಾನಿ ಮನಾಮದ ಸಾಗಣೆ ಕಂಪನಿಯೊಂದರಲ್ಲಿ ಕೂತು ಯಾವ ಲಾರಿ ಎಷ್ಟು ಹೊತ್ತಿಗೆ ಸೌದಿ ಸೇತುವೆ ದಾಟಬೇಕು, ಯಾವ ಕಂಟೇನರು ಯಾವ ಹಡಗಿಗೆ ಮುಟ್ಟಬೇಕು ಎಂದು ಹೊತ್ತನ್ನೇ ನಂಬಿ ಹೊಟ್ಟೆ ಹೊರೆಯುವ ನನಗೆ ಹೊತ್ತು ಗೊತ್ತಿಲ್ಲ! ಈ ಕಳಂಕವನ್ನು ತೊಳೆಯಬೇಕು, ಮೆಣಸಿನಿಂದಲೇ ತೊಳೆಯಬೇಕು ಎಂದು ನಿಶ್ಚಯಿಸಿದೆ. ಮೆಣಸಿನಿಂದ ಏನು ತೊಳೆದರೂ ಉರಿಯುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಬಹರೈನಿನಲ್ಲಿ ಮೆಣಸಿನ ಲೆಕ್ಕ ಹೀಗೆ. ಬೇಸಗೆಯಲ್ಲಿ ಸಸಿಯನ್ನು ಹೊರಗಿಟ್ಟರೆ ಹಪ್ಪಳ. ತಂಪು ಬರಲಿ ಎಂದು ಕಾದು ಆಮೇಲೆ ಬೀಜ ಹಾಕಿದರೆ, ಅದು ಮೊಳೆತು, ಬೆಳೆದು, ಹೂ ಬಿಡುವ ಹೊತ್ತಿಗೆ ಮತ್ತೆ ಬೇಸಗೆ, ಮತ್ತೆ ಹಪ್ಪಳ. ಆದ್ದರಿಂದ ಸೆಖೆಯಲ್ಲೇ ಮನೆಯೊಳಗೆ ಬೀಜ ಹಾಕಿ, ಸಸಿ ಸಾಕಿ, ತಂಪು ಕಾಲಿಟ್ಟ ಕೂಡಲೇ ಬಾಲ್ಕನಿಗೆ ಇಳಿಸಬೇಕು. ನಾನು ಹಬ್ಬಗಳನ್ನು ಹಿಡಿದು ಲೆಕ್ಕ ಹಾಕಿದೆ. ಆಗಸ್ಟಿನಲ್ಲಿ ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ದಿನ ಬೀಜ. ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ, ಮೊಳಕೆ. ನವೆಂಬರಿನಲ್ಲಿ ಮೃತರ ದಿನ ಕಳೆದ ಮೇಲೆ ಬಾಲ್ಕನಿ. ಕ್ರಿಸ್ಮಸ್ಸಿಗೆ ಗಂಜಿ!

"ಒಳ್ಳೆ ದಿನ ನೋಡಿಟ್ಟಿದ್ದೀರಿ ಮಾರಾಯ್ರೆ," ಎಂದಳು ನನ್ನ ಹೆಂಡತಿ ಫಿಲೊಮಿನಾ. "ಗಿಡವನ್ನು ಹೊರಗೆ ಇಡ್ಲಿಕ್ಕೆ ಸತ್ತವರ ದಿನವೇ ಸಿಕ್ಕಿದ್ದಾ?"

ನಾನು ಅದನ್ನು ತಮಾಷೆ ಎಂದುಕೊಂಡೆ.

ಬೀಜ ಬಂದದ್ದು ರಜೆಗೆ ಊರಿಗೆ ಹೋಗಿದ್ದ ನನ್ನ ಗೆಳೆಯ, ಇಲ್ಲೇ ಜುಫೈರಿನಲ್ಲಿರುವ ಹ್ಯೂಬರ್ಟನ ಸೂಟ್‌ಕೇಸಿನಲ್ಲಿ. ಅತ್ತೆ ತಮ್ಮ ಹಿತ್ತಲಿನ ಹಣ್ಣುಮೆಣಸನ್ನು ಒಣಗಿಸಿ, ಬೀಜ ಬಿಡಿಸಿ, ಕಾಗದದಲ್ಲಿ ಕಟ್ಟಿ, ಬಫಾತ್ ಮಸಾಲೆ ಪುಡಿಯ ಪೊಟ್ಟಣದ ಒಳಗೆ ಬಚ್ಚಿಟ್ಟು ಕಳಿಸಿದ್ದರು. ಬಿಚ್ಚುವಾಗ ನಾನು ಸೀನಿದ ಸೀನಿಗೆ ಅರ್ಧ ಬೀಜ ಸೋಫಾದ ಕೆಳಗೆ ಹೋಯಿತು. ಉಳಿದದ್ದನ್ನು, ಲಬಾನ್ ಎಂದು ಇಲ್ಲಿ ಸಿಗುವ ಮಜ್ಜಿಗೆಯ ಖಾಲಿ ಕಪ್ಪುಗಳಲ್ಲಿ ಮಣ್ಣು ತುಂಬಿ ಹಾಕಿದೆ. ಅವನ್ನು ಒಂದು ಟ್ರೇಯಲ್ಲಿ ಜೋಡಿಸಿದೆ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

ಏಕೆಂದರೆ ಮೆಣಸಿನ ಬೀಜ ಮೊಳೆಯಲು ಹದವಾದ ಕಾವು ಬೇಕು. ನಮ್ಮ ಗುಫೂಲ್ ಬಡಾವಣೆಯ ಫ್ಲ್ಯಾಟಿನಲ್ಲಿ ಎರಡೇ ಹವಾಮಾನ. ಹೊರಗೆ ಬಾಣಲೆ, ಒಳಗೆ ಏಸಿಯ ಹಿಮಾಲಯ. ಟ್ರೇಯನ್ನು ಮೊದಲು ಫ್ರಿಜ್ಜಿನ ಮೇಲಿಟ್ಟೆ. ಕಾವು ಸಾಲದೇನೋ ಎನಿಸಿತು. ವೈಫೈ ಪೆಟ್ಟಿಗೆಯ ಮೇಲಿಟ್ಟೆ. ನೀರು ತೊಟ್ಟಿಕ್ಕಿ ಮಗಳು ಅಲಿಶಾಳ ಆನ್‌ಲೈನ್ ಟ್ಯೂಷನ್ ನಿಂತಿತು. ಇಸ್ತ್ರಿ ಬಟ್ಟೆಯ ರಾಶಿಯ ಮೇಲಿಟ್ಟೆ. ಅದರ ಬಗ್ಗೆ ಫಿಲೊಮಿನಾ ಆಡಿದ್ದು ಕೊಂಕಣಿಯಲ್ಲಿ. ಅಂಥ ಮಾತುಗಳು ಅನುವಾದಕ್ಕೆ ಒಗ್ಗುವುದಿಲ್ಲ. ಕೊನೆಗೆ ಧೈರ್ಯ ಮಾಡಿ ಹಾಲ್‌ನ ಏಸಿಯನ್ನೇ ಆರಿಸಿಬಿಟ್ಟೆ.

"ನೀವು ಮನುಷ್ಯರಾ?" ಎಂದಳು ಫಿಲೊಮಿನಾ, ಬೀಸಣಿಗೆ ಬೀಸುತ್ತ. ಅವಳು ಆಸ್ಪತ್ರೆಯಲ್ಲಿ ನರ್ಸು. "ನಮ್ಮ ವಾರ್ಡಲ್ಲಿ ತಿಂಗಳು ತುಂಬದ ಮಕ್ಕಳಿಗೂ ಇಷ್ಟು ಸೇವೆ ಇಲ್ಲ!"

"ಆ ಮಕ್ಕಳಿಗೆ ಇನ್‌ಕ್ಯುಬೇಟರ್ ಉಂಟಲ್ಲ ಫಿಲ್ಲು. ನನ್ನ ಬೀಜಕ್ಕೆ ಯಾರುಂಟು?"

"ಪಪ್ಪಾ, ಐ ಆಮ್ ಮೆಲ್ಟಿಂಗ್!" ಎಂದಳು ಅಲಿಶಾ.

"ಕರಗು ಮಗಾ. ಅಜ್ಜಿಯ ಮೆಣಸಿಗಾಗಿ ಸ್ವಲ್ಪ ಕರಗು!"

ಇಲ್ಲಿ ನೀರಿನ ವಿಷಯ ಒಂದು ಹೇಳಿಬಿಡುತ್ತೇನೆ. ಗಲ್ಫಿನಲ್ಲಿ ಇರದವರಿಗೆ ಇದು ಗೊತ್ತಿರಲಾರದು. ನಮ್ಮದು ಹಳೆಯ ಕಟ್ಟಡ. ಸ್ನಾನದ ಮನೆಯಲ್ಲಿ ಎರಡು ನಲ್ಲಿ. ನೀಲಿ ಗುಂಡಿಯದ್ದು ತಣ್ಣೀರಿಗೆ, ಕೆಂಪು ಗುಂಡಿಯದ್ದು ಗೀಸರಿನ ಬಿಸಿನೀರಿಗೆ. ಆದರೆ ಬೇಸಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕುದಿಯುತ್ತದೆ. ನೀಲಿ ತಿರುಗಿಸಿದರೆ ಕೋಳಿಯ ಪುಕ್ಕ ಕೀಳಬಹುದಾದ ನೀರು ಬರುತ್ತದೆ! ಹಾಗಾಗಿ ನಾವೆಲ್ಲ ಗೀಸರನ್ನು ಆರಿಸಿಬಿಡುತ್ತೇವೆ. ಮನೆಯೊಳಗಿನ ಏಸಿಯ ತಂಪಿನಲ್ಲಿ ಗೀಸರಿನಲ್ಲಿ ನಿಂತ ನೀರು ತಣ್ಣಗಾಗಿರುತ್ತದೆ. ತಣ್ಣೀರು ಬೇಕೆಂದರೆ ಕೆಂಪು ತಿರುಗಿಸಬೇಕು. ವರ್ಷದ ಅರ್ಧ ಭಾಗ ನಮ್ಮ ಲೋಕ ತಲೆಕೆಳಗು. ಊರಿಂದ ಹೊಸದಾಗಿ ಬಂದವರು ಮೊದಲ ಸ್ನಾನದಲ್ಲಿ ಕೂಗಿಕೊಂಡೇ ಇದನ್ನು ಕಲಿಯುತ್ತಾರೆ.

ನಾನೂ ಮನೆಯಲ್ಲಿ ಕಾನೂನು ಮಾಡಿದೆ. ಮೆಣಸಿಗೆ ಕೆಂಪು ನಲ್ಲಿಯ ನೀರು ಮಾತ್ರ! ಬೆಳಗ್ಗೆ ಕೆಂಪು, ಸಂಜೆ ಕೆಂಪು. ಕೈ ತಾನಾಗಿಯೇ ಕೆಂಪಿಗೆ ಹೋಗುವಷ್ಟು ಅಭ್ಯಾಸವಾಯಿತು.

ಮೊಂತಿ ಹಬ್ಬದ ದಿನ ಇಗರ್ಜಿಯಲ್ಲಿ ಪೂಜೆ ಮುಗಿಸಿ ಮನೆಗೆ ಬಂದು ನೋಡುತ್ತೇನೆ, ಲಬಾನ್ ಕಪ್ಪಿನಲ್ಲಿ ಒಂದು ಹಸಿರು ಕೊಕ್ಕೆ! ಮಣ್ಣಿನಿಂದ ಬೆನ್ನು ಬಗ್ಗಿಸಿ ಎದ್ದು ಬರುತ್ತಿತ್ತು. ನಾನು ಕುಣಿದೆ. ಫೋಟೊ ತೆಗೆದು ಅತ್ತೆಗೆ ಕಳಿಸಿದೆ, ಹ್ಯೂಬರ್ಟನಿಗೆ ಕಳಿಸಿದೆ, ಕೈತಪ್ಪಿ ಆಫೀಸಿನ ಗುಂಪಿಗೂ ಕಳಿಸಿದೆ. ಅಲ್ಲಿ ನನ್ನ ಮ್ಯಾನೇಜರ್ ಸಿರಾಜ್ "ಮಬ್ರೂಕ್" ಎಂದು ಅಭಿನಂದಿಸಿ, "ಅದು ಇರಲಿ, ದಮ್ಮಾಮಿನ ಲಾರಿ ಎಲ್ಲಿ?" ಎಂದು ಕೇಳಿದ.

ಆಮೇಲೆ ಬೆಳಕಿನ ಕಾಟ. ಬೆಳಗ್ಗೆ ಅಡುಗೆಮನೆ ಕಿಟಕಿಗೆ ಬಿಸಿಲು ಬಂದರೆ ಟ್ರೇ ಅಡುಗೆಮನೆಗೆ. ಮಧ್ಯಾಹ್ನ ಅಲಿಶಾಳ ಕೋಣೆಗೆ. ಸಂಜೆ ನಮ್ಮ ಮಲಗುವ ಕೋಣೆಗೆ. ಮಧ್ಯಾಹ್ನ ನಾನು ಆಫೀಸಿನಲ್ಲಿರುತ್ತೇನಲ್ಲ? ಆದ್ದರಿಂದ ಊಟಕ್ಕೆಂದು ಮನೆಗೆ ಓಡಿಬಂದು, ಟ್ರೇ ಸರಿಸಿ, ಊಟ ಮರೆತು ವಾಪಸು ಹೋಗುತ್ತಿದ್ದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಸಸಿ ಉದ್ದವಾದರೆ ಬೆಳಕು ಕಡಿಮೆಯಾಯಿತೆಂದು ಭಯ, ಗಿಡ್ಡವಾದರೆ ಬೇರು ಕೊಳೆಯಿತೆಂದು ಭಯ. ಒಮ್ಮೆ ಒಬ್ಬ ಗಿರಾಕಿ ಫೋನಿನಲ್ಲಿ ಕಂಟೇನರ್ ಹೊರಟಿತಾ ಎಂದು ಕೇಳಿದಾಗ, "ಇನ್ನೂ ಎರಡು ಎಲೆ ಬರ್ಲಿ, ಆಮೇಲೆ ಹೊರಗೆ ಹಾಕುವ" ಎಂದುಬಿಟ್ಟೆ!

ಅಕ್ಟೋಬರ್ ಬಂತು. ಸಸಿಗಳು ಈಗ ಗಿಡಗಳು. ಆದರೆ ತಂಪಿನ ಸುದ್ದಿಯಿಲ್ಲ. ಹ್ಯೂಬರ್ಟ್ ಟೊಮೆಟೊ ಬೆಳೆಯುವವ. ಅವನದು ದಿನಾ ಫೋನು.

"ನಾನು ಹೊರಗೆ ಇಟ್ಟಾಯ್ತು ಮಾರಾಯ. ನೀನು ಎಂತ ಬಾಣಂತನ ಮಾಡ್ತಾ ಕೂತಿದ್ದೀಯಾ?"

ಆ ರಾತ್ರಿ ನನಗೆ ನಿದ್ದೆಯಿಲ್ಲ. ಇಡಲೇ? ಬೇಡವೇ? ಇಟ್ಟರೆ ಸುಡುತ್ತದೆ. ಇಡದಿದ್ದರೆ ಕ್ರಿಸ್ಮಸ್ಸಿಗೆ ಕಾಯಿ ಬರುವುದಿಲ್ಲ. ಕಾಯಿ ಬರದಿದ್ದರೆ 'ಹೊತ್ತು ಮಾತ್ರ ಗೊತ್ತಿಲ್ಲ' ಎಂಬುದು ನನ್ನ ಗೋರಿಗಲ್ಲಿನ ಮೇಲೂ ಬರುತ್ತದೆ. ಆದರೂ ತಡೆದೆ. ವಾರ ಕಳೆಯುವುದರೊಳಗೆ ಹ್ಯೂಬರ್ಟ್ ಮತ್ತೆ ಫೋನು ಮಾಡಿದ. ಧ್ವನಿ ಇಳಿದಿತ್ತು.

"ಟೊಮೆಟೊ ಹೋಯ್ತು."

"ಟೈಮಿಂಗ್ ಹ್ಯೂಬರ್ಟ್, ಟೈಮಿಂಗ್!" ಎಂದೆ. ಅಂದು ನಾನು ಹೊಟ್ಟೆ ತುಂಬ ಉಂಡೆ. ಆ ಅಹಂಕಾರಕ್ಕೆ ದೇವರು ಅಲ್ಲೇ ಒಂದು ಗುರುತು ಹಾಕಿಕೊಂಡಿರಬೇಕು.

ಮೃತರ ದಿನ ಕಳೆಯಿತು. ಗಿಡಗಳ ಕವಲುಗಳಲ್ಲಿ ಸಣ್ಣ ಬಿಳಿ ಮೊಗ್ಗುಗಳು ಕಂಡವು. ಒಂದು ಶುಕ್ರವಾರ ಬೆಳಗ್ಗೆ ಬಾಲ್ಕನಿಯ ಬಾಗಿಲು ತೆರೆದೆ. ಆಹಾ! ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ! ಮೈ ಜುಮ್ಮೆಂದಿತು. ಎದುರು ಕಟ್ಟಡದ ಕಾವಲುಗಾರ ತಲೆಗೆ ಮಫ್ಲರ್ ಸುತ್ತಿದ್ದ. ಬಹರೈನಿನಲ್ಲಿ ಚಳಿಗಾಲ ಬಂತು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

"ಫಿಲ್ಲು! ಬಂತು! ಬಂತು!"

"ಯಾರು ಬಂದದ್ದು?" ಒಳಗಿನಿಂದ ಅವಳ ಧ್ವನಿ. ಅದರ ಹಿಂದೆಯೇ ಅವಳು ಮತ್ತೇನೋ ಹೇಳಿದಳು. ನಾನು ಗಿಡಗಳಿಗೆ ಅಭಿನಂದನೆ ಹೇಳುತ್ತಿದ್ದುದರಿಂದ ಕೇಳಿಸಲಿಲ್ಲ.

ಸಸಿಗಳನ್ನು ದೊಡ್ಡ ಕುಂಡಗಳಿಗೆ ಬದಲಿಸಿ ಬಾಲ್ಕನಿಯಲ್ಲಿ ಸಾಲಾಗಿ ನಿಲ್ಲಿಸಿದೆ. ಇಂಥ ದಿನ ಮಗ್ಗಿನಲ್ಲಿ ನೀರು ಹಾಕುವುದು ಮರ್ಯಾದೆಯಲ್ಲ ಎನಿಸಿತು. ಸ್ನಾನದ ಮನೆಯ ನಲ್ಲಿಗೆ ಉದ್ದದ ಪೈಪು ಸಿಕ್ಕಿಸಿ ಬಾಲ್ಕನಿಯವರೆಗೆ ಎಳೆದೆ. ಯಾವ ನಲ್ಲಿಗೆ ಎಂದು ಕೇಳುತ್ತೀರಾ? ಕೈ ತಾನಾಗಿಯೇ ಹೋಗುತ್ತಿತ್ತು ಎಂದು ಆಗಲೇ ಹೇಳಿದ್ದೇನೆ. ಅತ್ತೆಗೆ ವಿಡಿಯೊ ಕಾಲ್ ಮಾಡಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪೈಪು. ಪೈಪಿನಿಂದ ಮೊದಲು ಬಂದ ನೀರಿಗೆ ಬೆರಳಿಟ್ಟು ನೋಡಿದೆ. ತಣ್ಣಗಿತ್ತು. ಅಷ್ಟು ಎಚ್ಚರ ನನಗೂ ಇದೆ!

"ನೋಡಿ ಮಾಂಯ್! ಮೊಗ್ಗು ನೋಡಿ! ಸರಿಯಾದ ಹೊತ್ತಿಗೆ, ಸರಿಯಾದ ದಿನಕ್ಕೆ!"

"ಹೌದಲ್ವಾ! ಚಂದ ಉಂಟು ಮಗಾ," ಎಂದರು ಅತ್ತೆ. ಆ 'ಮಗಾ' ಕೇಳಿ ನಾನು ಉಬ್ಬಿದೆ. ಕಣ್ಣು ಫೋನಿನಲ್ಲಿ ಕಾಣುತ್ತಿದ್ದ ನನ್ನದೇ ಮುಖದ ಮೇಲೆ ನೆಟ್ಟಿತ್ತು. ಗೆದ್ದ ಸೇನಾಪತಿಯ ಮುಖ. ಕುಂಡದಿಂದ ಕುಂಡಕ್ಕೆ ಪೈಪು ಓಡಿಸಿದೆ.

"ಅದೆಂತ ಹೊಗೆ ಯುಸ್ಟೇಸ್?"

"ಹೊಗೆ ಅಲ್ಲ ಮಾಂಯ್, ಮಂಜು! ನವೆಂಬರ್ ಅಲ್ವಾ!"

"ಮಂಜು ಗಿಡದ ಬುಡದಿಂದ ಬರ್ತದಾ?"

"ಇಲ್ಲಿಯ ಮಂಜು ಹಾಗೇ!"

ಅಷ್ಟರಲ್ಲಿ ಪೈಪು ಹಿಡಿದ ಕೈ ಚುರುಗುಟ್ಟಿತು. "ಅಯ್ಯಯ್ಯೋ!" ಎಂದು ಪೈಪು ಬಿಟ್ಟೆ. ಅದು ಹಾವಿನ ಹಾಗೆ ಹೊರಳಿ ನನ್ನ ಕಾಲಿಗೆ ಬಿಸಿನೀರು ಎರಚಿತು. ಫೋನೂ ಕೈಜಾರಿ ಕುಂಡದೊಳಗೆ ಬಿತ್ತು. ಅಲಿಶಾ ಮೂಗು ಅರಳಿಸುತ್ತ ಬಂದಳು.

"ಪಪ್ಪಾ, ವೈ ಈಸ್ ದ ಬಾಲ್ಕನಿ ಸ್ಮೆಲಿಂಗ್ ಲೈಕ್ ಸೂಪ್?"

ಹಿಂದೆಯೇ ಫಿಲೊಮಿನಾ. ಪೈಪು ನೋಡಿದಳು, ಪೈಪಿನ ಜಾಡು ಹಿಡಿದು ಸ್ನಾನದ ಮನೆ ನೋಡಿದಳು, ತಲೆಯ ಮೇಲೆ ಕೈ ಹೊತ್ತಳು.

"ಅಯ್ಯೋ ದೇವಾ! ಕೆಂಪು ನಲ್ಲಿಗೆ ಯಾಕೆ ಹಾಕಿದ್ರಿ? ಚಳಿ ಸುರುವಾಯ್ತಲ್ಲ ಅಂತ ನಾನು ಬೆಳಿಗ್ಗೆಯೇ ಗೀಸರ್ ಹಾಕಿದ್ದೇನೆ!"

"ನನಗೆ ಹೇಳ್ಬಾರ್ದಾ?"

"ಹೇಳಿದೆನಲ್ಲ! 'ಗೀಸರ್ ಹಾಕಿದ್ದೇನೆ, ಕೆಂಪು ಮುಟ್ಬೇಡಿ' ಅಂತ ಬೊಬ್ಬೆ ಹೊಡೆದೆ. ನೀವು ಮೆಣಸಿನ ಹತ್ರ ಮಾತಾಡ್ತಾ ಇದ್ರಿ!"

ಚಳಿಗಾಲ ಬಂದದ್ದು ನನಗೊಬ್ಬನಿಗೇ ಗೊತ್ತಾದದ್ದೆಂದು ತಿಳಿದಿದ್ದೆ. ಅವಳಿಗೂ ಅದೇ ಗಾಳಿ ತಾಗಿತ್ತು. ಅದೇ ಬೆಳಗ್ಗೆ, ಅದೇ ಕಾರಣಕ್ಕೆ, ನಾನು ಗಿಡ ಹೊರಗಿಟ್ಟೆ, ಅವಳು ಗೀಸರಿನ ಗುಂಡಿ ಒತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಗಿಡಗಳೆಲ್ಲ ಬೇಯಿಸಿದ ಬಸಳೆಯ ಹಾಗೆ ತಲೆ ಬಾಗಿದವು. ಮೊಗ್ಗುಗಳು ಉದುರಿದವು. ನಗಬೇಡಿ, ನನಗೆ ನಿಜವಾಗಿಯೂ ಸಂಕಟವಾಯಿತು. ಏಸಿ ಆರಿಸಿ, ಹೆಂಡತಿ ಮಗಳನ್ನು ಬೆವರಿಸಿ, ಊಟ ಬಿಟ್ಟು ಸಾಕಿದ ಗಿಡಗಳು. ಬಿಸಿಲಿನ ಕೈಯಿಂದ ಉಳಿಸಿದೆ, ನನ್ನದೇ ಕೈಯಿಂದ ಉಳಿಸಲಾಗಲಿಲ್ಲ. ಫಿಲೊಮಿನಾ ಕೂಡ ನಗಲಿಲ್ಲ. ಪಕ್ಕದಲ್ಲಿ ಬಂದು ಕೂತು, ನನ್ನ ಸುಟ್ಟ ಕೈಗೆ ಮುಲಾಮು ಹಚ್ಚಿದಳು. "ಮಮ್ಮಿಗೆ ಹೇಳುವ. ಅವಳು ಎಂತ ಹೇಳುದಿಲ್ಲ," ಎಂದಳು.

ಹೇಳುವುದೇ? ಪ್ರಾಣ ಹೋದರೂ ಇಲ್ಲ! ಮರುದಿನವೇ ನಾನು ಬುದಯ್ಯಾ ರಸ್ತೆಯ ಒಂದು ನರ್ಸರಿಗೆ ಓಡಿದೆ. ಕಾಯಿ ಬಿಟ್ಟು ನಿಂತಿದ್ದ ಮೆಣಸಿನ ಗಿಡಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿ ತಂದೆ. ಬೆಂದ ಗಿಡಗಳನ್ನು ಕಿತ್ತು, ಅದೇ ಕುಂಡಗಳಲ್ಲಿ ಇವುಗಳನ್ನು ನೆಟ್ಟೆ.

"ಮಮ್ಮಿಗೆ ಸುಳ್ಳು ಹೇಳ್ಲಿಕ್ಕೆ ನಾನಿಲ್ಲ," ಎಂದಳು ಫಿಲೊಮಿನಾ. "ಕೇಳಿದ್ರೆ ಹೇಳ್ತೇನೆ."

"ಕೇಳದಿದ್ರೆ?"

"ಕೇಳದಿದ್ರೆ ಹೇಳುದಿಲ್ಲ."

ಅಷ್ಟು ಸಾಕು ನನಗೆ. ಆದರೆ ಗೀಸರಿನ ಮೇಲಿನ ವಿಶ್ವಾಸ ಹೊರಟುಹೋಗಿತ್ತು. ನೀರು ಹಾಕುವ ಮುನ್ನ ಗೀಸರ್ ಆರಿಸುವುದು, ಯಾರೂ ಒತ್ತದ ಹಾಗೆ ಸ್ವಿಚ್ಚಿಗೆ ಟೇಪು ಅಂಟಿಸುವುದು, ಆಮೇಲೆ ನೀರು ಹಾಕುವುದು, ಕೊನೆಗೆ ಟೇಪು ಕಿತ್ತು ಮತ್ತೆ ಗೀಸರ್ ಹಾಕುವುದು.

"ಈಗ ನೀಲಿ ನಲ್ಲಿ ತಣ್ಣಗೇ ಉಂಟಲ್ಲ ಮಾರಾಯ್ರೆ! ಅದನ್ನೇ ತಿರುಗಿಸಿದ್ರೆ ಆಗುದಿಲ್ವಾ?"

"ನೀಲಿಯನ್ನೂ ನಂಬುದಿಲ್ಲ, ಕೆಂಪನ್ನೂ ನಂಬುದಿಲ್ಲ!" ಎಂದೆ. ಬಿಸಿ ಹಾಲಿಗೆ ಮೂತಿ ಸುಟ್ಟುಕೊಂಡ ಬೆಕ್ಕಿನ ಸ್ಥಿತಿ ನನ್ನದು.

ಡಿಸೆಂಬರಿನಲ್ಲಿ ಅತ್ತೆ ಬಂದರು. ಆ ದಿನ ಸಂಜೆ ಗಿಡಗಳಿಗೆ ಗಡಿಬಿಡಿಯಲ್ಲಿ ನೀರು ಹಾಕಿ, ಎಲೆ ಒರೆಸಿ, ಹೊಳಪು ಮಾಡಿ, ಮುಹರ್ರಕ್‌ನ ವಿಮಾನ ನಿಲ್ದಾಣಕ್ಕೆ ಹೋದೆವು. ವಿಮಾನ ಇಳಿಯುವ ಮೊದಲೇ ನಾನು ಅಲ್ಲಿದ್ದೆ. ಹೊತ್ತಿನ ವಿಷಯದಲ್ಲಿ ಇನ್ನು ಯಾರೂ ಮಾತಾಡಬಾರದು!

ಮನೆಗೆ ಬಂದವರೇ ಅತ್ತೆ ಚಪ್ಪಲಿ ಬಿಟ್ಟು ಸೀದಾ ಬಾಲ್ಕನಿಗೆ ನಡೆದರು. ಒಂದು ಗಿಡದ ಎದುರು ನಿಂತರು. ಎಲೆ ಮುಟ್ಟಿದರು. ಒಂದು ಕಾಯಿ ಕಿತ್ತು ಕಚ್ಚಿದರು. ಅಗಿದರು.

"ಇದು ಮೆಣಸಾ ಮಗಾ, ಸೌತೆಕಾಯಿಯಾ?"

"ಅದು... ಇಲ್ಲಿಯ ನೀರು ಸಪ್ಪೆ ಅಲ್ವಾ ಮಾಂಯ್..."

"ನನ್ನ ಹಿತ್ತಲಿನ ಮೆಣಸು ಆಕಾಶ ನೋಡಿ ನಿಲ್ತದೆ. ಇದು ನೆಲ ನೋಡ್ತಾ ಉಂಟು. ನಿನ್ನ ಹಾಗೆಯೇ."

ನಾನು ನಿಜಕ್ಕೂ ನೆಲ ನೋಡುತ್ತಿದ್ದೆ. ಫಿಲೊಮಿನಾಳ ಕಡೆ ತಿರುಗಿದೆ. ಅವಳು ಸೆರಗಿಲ್ಲದ್ದರಿಂದ ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು.

"ಆ ದಿನ ನಿನ್ನ ಫೋನು ಕುಂಡಕ್ಕೆ ಬಿತ್ತಲ್ಲ," ಎಂದರು ಅತ್ತೆ, "ಅದು ಕಟ್ ಆಗ್ಲಿಲ್ಲ ಯುಸ್ಟೇಸ್. ಗೀಸರ್, ಕೆಂಪು ನಲ್ಲಿ, ಸೂಪು, ಎಲ್ಲ ಕೇಳಿತು. ನಾನೊಬ್ಬಳೇ ಅಲ್ಲ; ಆ ಹೊತ್ತಿಗೆ ನೆರೆಮನೆಯ ಡೈನಾ ಬಂದಿದ್ದಳು. ಈಗ ಕಿನ್ನಿಗೋಳಿಯಲ್ಲಿ ಎಲ್ಲರಿಗೂ ಗೊತ್ತುಂಟು."

ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಕೈಚೀಲದಿಂದ ಕಾಗದದ ಪೊಟ್ಟಣ ತೆಗೆದರು. ಒಳಗೆ ಅವರ ಹಿತ್ತಲಿನ ಹಸಿಮೆಣಸು, ಇನ್ನೂ ಬಾಡದೆ ಇತ್ತು.

"ಗಂಜಿಗೆ ಬೇಕಲ್ಲ. ನಿನ್ನನ್ನು ನಂಬಿ ಬರ್ಲಿಕ್ಕೆ ಆಗ್ತದಾ?" ಎಂದು ನನ್ನ ಬೆನ್ನು ತಟ್ಟಿದರು. "ಬೇಜಾರು ಮಾಡ್ಬೇಡ. ಒಂದು ಮೆಣಸಿಗಾಗಿ ಇಷ್ಟು ಒದ್ದಾಡಿದ್ದೀ, ಅದೂ ನನ್ನ ಗಂಜಿಗೆ. ಅಳಿಯ ಒಳ್ಳೆಯವ."

ನಾನು ಕಾದೆ. ಮುಂದಿನ ಮಾತು ಬರಲಿಲ್ಲ! ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಸರ್ಟಿಫಿಕೇಟು ಅಲ್ಲಿಗೇ ನಿಂತಿತು. ಕಳಂಕ ತೊಳೆದುಹೋಗಿತ್ತು. ಬಿಸಿನೀರಿನಲ್ಲಾದರೇನು, ತೊಳೆದುಹೋಗಿತ್ತು! ಅಂದು ನಾನು ಹಗುರವಾಗಿ, ಎಲ್ಲವನ್ನೂ ಮರೆತು ಮಲಗಿದೆ.

ಎಲ್ಲವನ್ನೂ ಅಂದರೆ ಎಲ್ಲವನ್ನೂ. ಬೆಳಗ್ಗೆ ಅಡುಗೆಮನೆಯಲ್ಲಿ ಗಂಜಿ ಬೇಯುತ್ತಿತ್ತು. ಅತ್ತೆ ಟವೆಲು ಹಿಡಿದು ಸ್ನಾನಕ್ಕೆ ಹೊರಟರು. "ಮಮ್ಮಿ, ಕೆಂಪು ತಿರುಗಿಸು. ಬಿಸಿನೀರು ಬರ್ತದೆ," ಎಂದಳು ಫಿಲೊಮಿನಾ. ಬಾಗಿಲು ಮುಚ್ಚಿತು. ಬಕೆಟ್ಟು ತುಂಬುವ ಸದ್ದು. ನಾನು ಹಾಡು ಗುನುಗುತ್ತ ಚಾ ಕುಡಿಯುತ್ತಿದ್ದವನು ಯಾಕೋ ಗೋಡೆಯತ್ತ ನೋಡಿದೆ. ಗೀಸರಿನ ಸ್ವಿಚ್ಚು. ಅದರ ಮೇಲೆ ನಿನ್ನೆ ಸಂಜೆ ನಾನೇ ಅಂಟಿಸಿದ ಟೇಪು!

ಚಾದ ಲೋಟ ಕೆಳಗಿಡುವಷ್ಟರಲ್ಲಿ ಮೊದಲ ಮಗ್ಗು ಸುರಿದ ಸದ್ದು ಕೇಳಿತು. ಅದರ ಹಿಂದೆಯೇ ಇಡೀ ಗುಫೂಲಿಗೆ ಕೇಳಿಸುವಂಥ ಚೀತ್ಕಾರ. ಆಮೇಲೆ, ಹಲ್ಲು ಕಟಕಟ ಎನ್ನುವ ನಡುವೆ, ಅತ್ತೆಯ ಧ್ವನಿ:

"ಮೆಣಸಿಗೆ ಬಿಸಿನೀರು, ಅತ್ತೆಗೆ ತಣ್ಣೀರು! ಫಿಲ್ಲೂ, ಅವನನ್ನು ಅಲ್ಲೇ ನಿಲ್ಲಿಸು! ನಿನ್ನೆ ನಾನು ಅರ್ಧ ಮಾತು ಬಾಕಿ ಇಟ್ಟಿದ್ದೇನೆ!"